ಸಿದ್ಧ ಫಂಕ್ಷನ್ನುಗಳೂ ನಮ್ಮ ನಿಯಮಗಳೂ

ಮನುಷ್ಯನು ಸಂಘಜೀವಿ. ಸಂಘವೆಂದ ಮೇಲೆ ನಿಯಮಗಳು ಇರಲೇಬೇಕು. ಮನೆಗೊಂದು ನಿಯಮ, ಊರಿಗೊಂದು ನಿಯಮ. ಕಾಲೇಜಿಗಂತೂ ಹತ್ತಾರು ನಿಯಮಗಳು. ಶೇಕಡಾ 75ರಷ್ಟು ಹಾಜರಾತಿಯಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಇಷ್ಟು ಅಂಕ ಬಾರದವರಿಗೆ ವಿದ್ಯಾರ್ಥಿವೇತನವಿಲ್ಲ. ಇಂಥ ದಿನದೊಳಗೆ ಪುಸ್ತಕ ಹಿಂದಿರುಗಿಸದವರು ದಂಡ ತೆರಬೇಕು. ಹಿಂದೆ ಗುಮಾಸ್ತರು ದಪ್ಪ ರಿಜಿಸ್ಟರನ್ನು ಮುಂದಿಟ್ಟುಕೊಂಡು, ಸಾಲು ಸಾಲಿಗೂ ಬೆರಳಿಟ್ಟು ಎಣಿಸಿ, ಕೆಂಪು ಶಾಯಿಯಿಂದ ಗುರುತು ಹಾಕಿ ಈ ನಿಯಮಗಳನ್ನು ಜಾರಿಗೆ ತರುತ್ತಿದ್ದರು. ಈಗ ಆ ಕೆಂಪು ಶಾಯಿಯ ಕೆಲಸ ಬಹುಮಟ್ಟಿಗೆ ಗಣಕಯಂತ್ರದ ಪಾಲಿಗೆ ಬಂದಿದೆ. ಕಚೇರಿಯವರು ತಖ್ತೆಯೆಂದು ಕರೆಯುವ ಕೋಷ್ಟಕವನ್ನು ಯಂತ್ರದಲ್ಲಿ ತುಂಬಿ, ನಿಯಮವನ್ನು ಒಂದು ಸಲ ಬರೆದುಬಿಟ್ಟರೆ, ಯಾರ ಸಾಲು ಕೆಂಪಾಗಬೇಕೋ ಅದು ತಾನಾಗಿಯೇ ಕೆಂಪಾಗುತ್ತದೆ.

ಆದರೆ ಯಂತ್ರಕ್ಕೆ ನಮ್ಮ ನಿಯಮ ತಿಳಿಯುವುದು ಹೇಗೆ? ಅದು ತಿಳಿದುಕೊಂಡದ್ದೂ ನಾವು ಹೇಳಬೇಕೆಂದಿದ್ದುದೂ ಒಂದೇ ಎಂಬುದಕ್ಕೆ ಭರವಸೆಯೇನು? ಈ ಪ್ರಶ್ನೆ ಗಣಕ ವಿಜ್ಞಾನದವರದು, ಕಲಾ ವಿಭಾಗದವರಿಗೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಅರ್ಥಶಾಸ್ತ್ರ ಮತ್ತು ಕನ್ನಡವನ್ನು ಓದುತ್ತಿರುವ ನನಗೆ ಹಾಗೆ ತೋರುವುದಿಲ್ಲ. ಯಂತ್ರದೊಳಗೆ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ತೊಡಕು ಬರುವುದು ನಮ್ಮ ಮಾತನ್ನು ಲೆಕ್ಕಕ್ಕೆ ಇಳಿಸುವಲ್ಲಿ. ಅದು ಭಾಷೆಯ ಕೆಲಸ, ಅರ್ಥದ ಕೆಲಸ. ಆದುದರಿಂದ ನಮ್ಮ ಕೆಲಸವೂ ಹೌದು. ಈ ವಿಷಯವನ್ನು ಎಕ್ಸೆಲ್ ಎಂಬ ಸುಪರಿಚಿತ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಯಥಾಮತಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಫಂಕ್ಷನ್ನೆಂದರೇನು?

ಎಕ್ಸೆಲ್ಲಿನ ಹಾಳೆ ಅಡ್ಡಸಾಲು ಕಂಬಸಾಲುಗಳಿಂದ ಕೂಡಿದ ಒಂದು ದೊಡ್ಡ ಕೋಷ್ಟಕ. ಅಡ್ಡಸಾಲುಗಳಿಗೆ 1, 2, 3 ಎಂದು ಅಂಕಿಗಳು. ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರಗಳು. ಒಂದೊಂದು ಚೌಕಕ್ಕೆ ಸೆಲ್ ಎಂದು ಹೆಸರು. ಚದುರಂಗದ ಹಾಸಿನಲ್ಲಿ ಮನೆ ಎನ್ನುವಂತೆ ನಾನು ಇದನ್ನೂ ಮನೆಯೆಂದೇ ಕರೆಯುತ್ತೇನೆ. ಸಿ ಕಂಬಸಾಲು ಮತ್ತು ಎರಡನೆಯ ಅಡ್ಡಸಾಲು ಕೂಡುವ ಮನೆಯ ವಿಳಾಸ ಸಿ2.

ಫಂಕ್ಷನ್ನು ಎಂದರೆ ಹಿಟ್ಟಿನ ಗಿರಣಿ ಇದ್ದಂತೆ. ಮೇಲಿನಿಂದ ಕಾಳು ಸುರಿದರೆ ಕೆಳಗೆ ಹಿಟ್ಟು ಬರುತ್ತದೆ. ರಾಗಿ ಹಾಕಿದರೆ ರಾಗಿಹಿಟ್ಟು, ಜೋಳ ಹಾಕಿದರೆ ಜೋಳದ ಹಿಟ್ಟು. ಕಲ್ಲು ಬೆರೆತ ಕಾಳನ್ನು ಹಾಕಿದರೆ ಕಲ್ಲು ಬೆರೆತ ಹಿಟ್ಟು. ಫಂಕ್ಷನ್ನಿಗೆ ಒಂದು ಹೆಸರಿರುತ್ತದೆ. ಹೆಸರಿನ ಮುಂದೆ ಆವರಣಚಿಹ್ನೆಯೊಳಗೆ ಸಾಮಗ್ರಿಯನ್ನು ಕೊಡಬೇಕು. ಅದು ಒಂದು ಫಲವನ್ನು ಹಿಂದಿರುಗಿಸುತ್ತದೆ. =ಸಮ್(ಸಿ2:ಸಿ61) ಎಂದರೆ ಸಿ2ರಿಂದ ಸಿ61ರವರೆಗಿನ ಅರುವತ್ತು ಮನೆಗಳ ಮೊತ್ತ. ಇದನ್ನು ನಾವು ಕಟ್ಟಬೇಕಾಗಿಲ್ಲ. ತಂತ್ರಾಂಶ ತಯಾರಿಸಿದವರೇ ಇಂಥ ನೂರಾರು ಗಿರಣಿಗಳನ್ನು ಅದರೊಳಗೆ ಕೂರಿಸಿ ಕೊಟ್ಟಿದ್ದಾರೆ. ಇವುಗಳಿಗೇ ಬಿಲ್ಟ್-ಇನ್ ಫಂಕ್ಷನ್ನುಗಳೆಂದು ಹೆಸರು. ನಾವು ಸಿದ್ಧ ಫಂಕ್ಷನ್ನುಗಳೆನ್ನೋಣ. ಇಲ್ಲಿ ಓದುವ ಅನುಕೂಲಕ್ಕಾಗಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಜರ್ಮನ್ ಭಾಷೆಯ ಎಕ್ಸೆಲ್ಲಿನಲ್ಲಿ 'ಇಫ್' ಎಂಬುದು 'ವೆನ್' ಆಗುತ್ತದೆ, ಫ್ರೆಂಚಿನಲ್ಲಿ 'ಸಿ' ಆಗುತ್ತದೆ. ಹೆಸರು ಬೇರೆಯಾದರೂ ಗಿರಣಿ ಒಂದೇ.

ಇವುಗಳ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಹಾರ್ವರ್ಡ್ ವ್ಯಾಪಾರ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ, ಒಂದು ಅಂಕಿಯನ್ನು ತಿದ್ದಿದರೆ ಉಳಿದ ಲೆಕ್ಕವೆಲ್ಲ ತಾನಾಗಿಯೇ ತಿದ್ದಿಕೊಳ್ಳುವ ಒಂದು ಹಲಗೆ ಇದ್ದರೆ ಎಷ್ಟು ಚೆನ್ನವೆಂಬ ಯೋಚನೆ ಹೊಳೆಯಿತು. ಬಾಬ್ ಫ್ರಾಂಕ್‌ಸ್ಟನ್ ಎಂಬವರೊಡನೆ ಸೇರಿ ಅವರು ರೂಪಿಸಿದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ 1979ರಲ್ಲಿ ಹೊರಬಂತು. ಮೊತ್ತ, ಸರಾಸರಿ, ಗರಿಷ್ಠ, ಕನಿಷ್ಠ ಮುಂತಾದ ಸಿದ್ಧ ಫಂಕ್ಷನ್ನುಗಳು ಅದರಲ್ಲಿಯೇ ಇದ್ದವು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ನಿಯಮಕ್ಕೆ ತಕ್ಕಂತೆ ಮನೆಗೆ ಬಣ್ಣ ಹಚ್ಚುವ ಸೌಕರ್ಯ ಎಕ್ಸೆಲ್ಲಿಗೆ ಸೇರಿದುದು 1997ರ ಆವೃತ್ತಿಯಲ್ಲಿ.

ನಿಯಮ ಬರೆಯುವ ಜಾಗ

ಎಕ್ಸೆಲ್ಲಿನಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್ ಎಂಬುದನ್ನು ಒತ್ತಿ, ನ್ಯೂ ರೂಲ್ ಎಂಬುದನ್ನು ಆರಿಸಿದರೆ, ನಿಯಮ ಬರೆಯುವ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರ ಪಟ್ಟಿಯಲ್ಲಿ ಕೊನೆಯದು, ಸೂತ್ರವನ್ನು ನಾವೇ ಬರೆಯಬಹುದಾದ ಆಯ್ಕೆ. ಇಲ್ಲಿ ಬರೆಯುವ ಸೂತ್ರಕ್ಕೆ ಒಂದು ವಿಶೇಷವಿದೆ. ಹಾಳೆಯಲ್ಲಿ ಬರೆದ ಸೂತ್ರ ಅಂಕಿಯನ್ನೋ ಹೆಸರನ್ನೋ ದಿನಾಂಕವನ್ನೋ ಕೊಡಬಹುದು. ನಿಯಮದ ಕಿಟಕಿಯಲ್ಲಿ ಬರೆದ ಸೂತ್ರದಿಂದ ಯಂತ್ರ ಬಯಸುವುದು ಒಂದೇ ಉತ್ತರ: ಹೌದೋ, ಅಲ್ಲವೋ. ಹೌದಾದರೆ ಬಣ್ಣ, ಅಲ್ಲವಾದರೆ ಇಲ್ಲ. ಉತ್ತರವಾಗಿ ಸೊನ್ನೆ ಬಂದರೆ ಅದನ್ನು ಅಲ್ಲವೆಂದೂ, ಬೇರೆ ಯಾವುದೇ ಅಂಕಿ ಬಂದರೆ ಹೌದೆಂದೂ ತಿಳಿಯುತ್ತದೆ. ಲೆಕ್ಕವೇ ಕೆಟ್ಟು ದೋಷ ಬಂದರೆ? ಆಗಲೂ ಅಲ್ಲವೆಂದೇ ತಿಳಿದು ಸುಮ್ಮನಾಗುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕಾಗಿ ಬೇಡುತ್ತೇನೆ. ಮುಂದೆ ಬಹಳಷ್ಟು ಇದರ ಮೇಲೆಯೇ ನಿಂತಿದೆ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತರಗತಿಯಲ್ಲಿ ಅರುವತ್ತು ಮಂದಿ. ಮೊದಲ ಅಡ್ಡಸಾಲಿನಲ್ಲಿ ಶೀರ್ಷಿಕೆಗಳು. 2ರಿಂದ 61ರವರೆಗೆ ವಿದ್ಯಾರ್ಥಿಗಳು. ಎ ಕಂಬಸಾಲಿನಲ್ಲಿ ಹೆಸರು, ಬಿಯಲ್ಲಿ ನಡೆದ ತರಗತಿಗಳು, ಸಿಯಲ್ಲಿ ಹಾಜರಾದ ತರಗತಿಗಳು, ಡಿಯಲ್ಲಿ ಪರೀಕ್ಷೆಯ ಅಂಕ. ಹಾಜರಾತಿ ಶೇಕಡಾ 75ಕ್ಕೆ ಕಡಮೆಯಾದವರ ಇಡೀ ಸಾಲು ಕೆಂಪಾಗಬೇಕು. ಎ2ರಿಂದ ಡಿ61ರವರೆಗಿನ ಭಾಗವನ್ನು ಎ2ರಿಂದ ತೊಡಗಿ ಆರಿಸಿಕೊಂಡು, ಕಿಟಕಿಯಲ್ಲಿ ಹೀಗೆ ಬರೆಯಬೇಕು:

=$ಸಿ2/$ಬಿ2<0.75

ನಾವು ಬರೆದುದು ಒಂದೇ ಸೂತ್ರ. ಆದರೆ ಯಂತ್ರ ಇದನ್ನು ನಾಲ್ಕು ಕಂಬಸಾಲು, ಅರುವತ್ತು ಅಡ್ಡಸಾಲು, ಒಟ್ಟು 240 ಮನೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಕೇಳುತ್ತದೆ. ಹಾಗೆ ಕೇಳುವಾಗ ಸೂತ್ರದಲ್ಲಿರುವ ವಿಳಾಸಗಳು ಮನೆಯೊಡನೆ ತಾವೂ ಸರಿಯುತ್ತವೆ. ಮೂರನೆಯ ಸಾಲಿಗೆ ಬಂದಾಗ ಸಿ2 ಎಂಬುದು ಸಿ3 ಆಗುತ್ತದೆ. ಇದು ನಮಗೆ ಬೇಕಾದದ್ದೇ. ಆದರೆ ಪಕ್ಕದ ಕಂಬಸಾಲಿಗೆ ಸರಿದಾಗ ಸಿ ಎಂಬುದು ಡಿ ಆಗಬಾರದು. ಹಾಗೆ ಆಗದಂತೆ ಅಕ್ಷರದ ಹಿಂದೆ ನೆಟ್ಟ ಗೂಟವೇ ಆ ಡಾಲರ್ ಗುರುತು. ಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಗೂಟ ನೆಡದಿದ್ದರೆ ಏನಾಗುವುದೆಂದು ನೋಡೋಣ. ಎ2ರಲ್ಲಿ ಲೆಕ್ಕ ಸರಿಯಾಗಿರುತ್ತದೆ. ಬಿ2ಕ್ಕೆ ಬಂದಾಗ ಸೂತ್ರ ಡಿ2/ಸಿ2 ಆಗಿ, ಪರೀಕ್ಷೆಯ ಅಂಕವನ್ನು ಹಾಜರಾತಿಯಿಂದ ಭಾಗಿಸುತ್ತದೆ. ಸಿ2ಕ್ಕೆ ಬಂದಾಗ ಇ2/ಡಿ2 ಆಗುತ್ತದೆ, ಇ ಖಾಲಿಯಿರುವುದರಿಂದ ಫಲ ಸೊನ್ನೆ, ಸೊನ್ನೆ 0.75ಕ್ಕಿಂತ ಕಡಮೆ, ಆದುದರಿಂದ ಅಂಕ ಪಡೆದ ಎಲ್ಲರ ಸಿ ಮನೆಯೂ ಕೆಂಪು! ಇದಾದರೂ ಕಣ್ಣಿಗೆ ಹೊಡೆಯುವ ತಪ್ಪು, ಬೇಗ ಸಿಕ್ಕಿಬೀಳುತ್ತದೆ. ಎರಡನೆಯ ಸಾಲಿನಿಂದ ತೊಡಗುವ ಭಾಗಕ್ಕೆ $ಸಿ1/$ಬಿ1 ಎಂದು ಬರೆದುಬಿಟ್ಟರೆ ಆಗುವ ತಪ್ಪು ಅಷ್ಟು ಸುಲಭವಾಗಿ ಕಾಣದು. ಆಗ ಪ್ರತಿಯೊಬ್ಬರ ತೀರ್ಪೂ ಒಂದು ಸಾಲು ಕೆಳಗೆ ಇಳಿಯುತ್ತದೆ. ಮೇಲಿನವನು ತರಗತಿಗೆ ಬಾರದಿದ್ದುದಕ್ಕೆ ಕೆಳಗಿನವಳು ಕೆಂಪಾಗುತ್ತಾಳೆ. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ. ಹಾಳೆ ಮಾತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ವರ್ಷದ ಮೊದಲ ದಿನ ಇನ್ನೂ ತರಗತಿಗಳೇ ನಡೆದಿಲ್ಲವೆನ್ನಿ. ಬಿ2 ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ದೋಷ ಬರುತ್ತದೆ, ದೋಷವನ್ನು ಯಂತ್ರ ಅಲ್ಲವೆಂದು ತಿಳಿದು ಬಣ್ಣ ಹಚ್ಚದೆ ಬಿಡುತ್ತದೆ. ಇಲ್ಲಿ ಅದರಿಂದ ಕೇಡಿಲ್ಲ. ಆದರೆ ಬಣ್ಣ ಬಂದಿಲ್ಲವೆಂಬುದೊಂದೇ ಎಲ್ಲವೂ ಸರಿಯಿದೆಯೆಂಬುದಕ್ಕೆ ಸಾಕ್ಷಿಯಾಗಲಾರದೆಂಬುದು ಇದರಿಂದ ತಿಳಿಯುತ್ತದೆ. ಭಾಗಾಕಾರವೇ ಬೇಡವೆಂದರೆ ಸೂತ್ರವನ್ನು =4*$ಸಿ2<3*$ಬಿ2 ಎಂದೂ ಬರೆಯಬಹುದು; ಶೇಕಡಾ 75 ಎಂದರೆ ನಾಲ್ಕರಲ್ಲಿ ಮೂರು ಪಾಲು ತಾನೆ? ನನ್ನ ಮಟ್ಟಿಗೆ ಇದೇ ಹೆಚ್ಚು ಚೆನ್ನಾದ ಸೂತ್ರ.

'ಮತ್ತು' ಎಂಬ ಮಾತಿನ ಮಹಿಮೆ

ಒಂದಕ್ಕಿಂತ ಹೆಚ್ಚು ಷರತ್ತುಗಳನ್ನು ಜೋಡಿಸುವುದಕ್ಕೆ 'ಆಂಡ್', 'ಆರ್', 'ನಾಟ್' ಎಂಬ ಮೂರು ಸಿದ್ಧ ಫಂಕ್ಷನ್ನುಗಳಿವೆ. ಕೊಟ್ಟ ಷರತ್ತುಗಳೆಲ್ಲ ನಿಜವಾದರೆ ಮಾತ್ರ 'ಆಂಡ್' ಹೌದೆನ್ನುತ್ತದೆ. ಒಂದಾದರೂ ನಿಜವಾದರೆ ಸಾಕು, 'ಆರ್' ಹೌದೆನ್ನುತ್ತದೆ. 'ನಾಟ್' ಹೌದನ್ನು ಅಲ್ಲವೆಂದೂ ಅಲ್ಲವನ್ನು ಹೌದೆಂದೂ ತಿರುಗಿಸುತ್ತದೆ. ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ಪ್ರಕಟಿಸಿದ ಚಿಂತನೆಯ ನಿಯಮಗಳೆಂಬ ಗ್ರಂಥದಲ್ಲಿ ತರ್ಕವನ್ನು ಬೀಜಗಣಿತದಂತೆ ನಡೆಸಬಹುದೆಂದು ತೋರಿಸಿದರು. ನಮ್ಮ ತರ್ಕಶಾಸ್ತ್ರದ ಪಾಠದಲ್ಲಿ ಬರುವ ಆ ವಿಚಾರವೇ ಇಲ್ಲಿ ಕೆಲಸ ಮಾಡುತ್ತಿದೆ.

ಮೇಲ್ನೋಟಕ್ಕೆ 'ಆಂಡ್' ಎಂದರೆ ನಮ್ಮ 'ಮತ್ತು', 'ಆರ್' ಎಂದರೆ ನಮ್ಮ 'ಅಥವಾ'. ಹಾಗೆಂದು ನಂಬಿದರೆ ಮೋಸಹೋದಂತೆಯೇ. ಸೂಚನಾಫಲಕದಲ್ಲಿ ಹೀಗೊಂದು ಪ್ರಕಟಣೆ ಇದೆಯೆಂದು ಭಾವಿಸೋಣ: "ವಿದ್ಯಾರ್ಥಿನಿಯರು ಮತ್ತು ಗ್ರಾಮೀಣ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು." ಇದನ್ನು ಓದಿದ ಯಾರಿಗೂ ಸಂದೇಹ ಬರುವುದಿಲ್ಲ. ಪಟ್ಟಣದ ಹುಡುಗಿಯೂ ಅರ್ಜಿ ಹಾಕಬಹುದು, ಹಳ್ಳಿಯ ಹುಡುಗನೂ ಹಾಕಬಹುದು. ಆದರೆ ಪ್ರಕಟಣೆಯಲ್ಲಿ 'ಮತ್ತು' ಇದೆಯೆಂದು ನಿಯಮದಲ್ಲಿ 'ಆಂಡ್' ಬರೆದರೆ, ಅರ್ಹರೆಂದು ಹಸಿರಾಗುವವರು ಹಳ್ಳಿಯ ಹುಡುಗಿಯರು ಮಾತ್ರ. ಪಟ್ಟಣದ ಹುಡುಗಿಯೂ ಹಳ್ಳಿಯ ಹುಡುಗನೂ ಸದ್ದಿಲ್ಲದೆ ಹೊರಗುಳಿಯುತ್ತಾರೆ. ಇಲ್ಲಿ ಬೇಕಾದುದು 'ಆರ್'. ಕನ್ನಡದ 'ಮತ್ತು' ಇಲ್ಲಿ ಎರಡು ಗುಂಪುಗಳನ್ನು ಸೇರಿಸುತ್ತಿದೆಯೇ ಹೊರತು ಒಬ್ಬ ವ್ಯಕ್ತಿಯ ಮೇಲೆ ಎರಡು ಷರತ್ತುಗಳನ್ನು ಹೇರುತ್ತಿಲ್ಲ. ಈ ಭೇದ ಯಂತ್ರಕ್ಕೆ ತಿಳಿಯದು. ಭಾಷೆ ಬಲ್ಲವನಿಗೆ ತಿಳಿಯುತ್ತದೆ.

ನಿಷೇಧದ ಮಾತೂ ಹೀಗೆಯೇ. "ಹಾಜರಾತಿಯೂ ಅಂಕವೂ ಎರಡೂ ಇರುವವರು ಅರ್ಹರು" ಎಂಬುದು ನಿಯಮ. ಹಾಗಾದರೆ ಅನರ್ಹರು ಯಾರು? "ಹಾಜರಾತಿಯೂ ಇಲ್ಲದೆ ಅಂಕವೂ ಇಲ್ಲದವರು" ಎಂದು ಅವಸರದಲ್ಲಿ ಹೇಳುವವರುಂಟು. ಸರಿಯಾದ ಉತ್ತರ "ಎರಡರಲ್ಲಿ ಒಂದಾದರೂ ಇಲ್ಲದವರು" ಎಂಬುದು. ಅಂದರೆ 'ಆಂಡ್' ಅನ್ನು ನಿಷೇಧಿಸಿದಾಗ ಅದು 'ಆರ್' ಆಗುತ್ತದೆ. ಇದನ್ನು ಡಿ ಮಾರ್ಗನ್ನರ ನಿಯಮವೆನ್ನುತ್ತಾರೆ. ಈ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದುದು ನಮ್ಮ ನೆರೆಯ ಮಧುರೆಯಲ್ಲಿ ಎಂಬುದನ್ನು ತಿಳಿದು ನನಗೆ ಸಂತೋಷವಾಯಿತು.

'ಆಂಡ್' ಬಗ್ಗೆ ಇನ್ನೊಂದು ಸಂಗತಿ. ಮೊದಲ ಷರತ್ತು ಸುಳ್ಳಾದ ಕೂಡಲೇ ಅದು ನಿಲ್ಲುವುದಿಲ್ಲ. ಎಲ್ಲ ಷರತ್ತುಗಳನ್ನೂ ನೋಡಿಯೇ ತೀರುತ್ತದೆ. ಆದುದರಿಂದ "ತರಗತಿ ನಡೆದಿದೆ, ಮತ್ತು ಭಾಗಲಬ್ಧ 0.75ಕ್ಕೆ ಕಡಮೆ" ಎಂದು 'ಆಂಡ್' ಮೂಲಕ ಬರೆದರೂ ಸೊನ್ನೆಯಿಂದ ಭಾಗಿಸುವ ದೋಷ ತಪ್ಪುವುದಿಲ್ಲ. 'ಇಫ್' ಫಂಕ್ಷನ್ನು ಹಾಗಲ್ಲ. ಅದು ಮೊದಲು ಷರತ್ತನ್ನು ನೋಡಿ, ಎರಡು ದಾರಿಗಳಲ್ಲಿ ಬೇಕಾದ ಒಂದನ್ನು ಮಾತ್ರ ತುಳಿಯುತ್ತದೆ.

ಖಾಲಿ, ಸೊನ್ನೆ, ಅಕ್ಷರ

ನನ್ನ ಗೆಳತಿಯೊಬ್ಬಳು ಬೇರೊಂದು ಊರಿನಲ್ಲಿ ಓದುತ್ತಿದ್ದಾಳೆ. ತಂದೆಯಿಲ್ಲ, ತಾಯಿ ಹೊಲಿಗೆಯಿಂದ ಸಂಸಾರ ತೂಗಿಸುತ್ತಾರೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಎಲ್ಲ ದಾಖಲೆಗಳೂ ಸರಿಯಾಗಿಯೇ ಇದ್ದವು. ಪಟ್ಟಿ ಪ್ರಕಟವಾದಾಗ ಅವಳ ಹೆಸರಿರಲಿಲ್ಲ. ಕೇಳಿದುದಕ್ಕೆ, "ಕಂಪ್ಯೂಟರಿನಲ್ಲಿ ಬಂದಿಲ್ಲಮ್ಮ" ಎಂಬ ಉತ್ತರ ಸಿಕ್ಕಿತು. ಎರಡು ತಿಂಗಳು ಅಲೆದ ಮೇಲೆ ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ಹಾಳೆಯನ್ನು ತೆರೆದು ನೋಡಿದರು. ಆದಾಯದ ಮನೆಯಲ್ಲಿ ಉಳಿದವರೆಲ್ಲರಿಗೂ ಬರಿಯ ಅಂಕಿಯಿದ್ದರೆ, ಇವಳ ಸಾಲಿನಲ್ಲಿ ಮಾತ್ರ ಬೆರಳಚ್ಚು ಮಾಡಿದವರು "96,000 ರೂ." ಎಂದು ಬರೆದಿದ್ದರು.

ಇದರಲ್ಲೇನು ತಪ್ಪು? ಮನುಷ್ಯರು ಓದಿದರೆ ಏನೂ ಇಲ್ಲ. ಆದರೆ 'ರೂ.' ಸೇರಿದ ಕೂಡಲೇ ಯಂತ್ರದ ಪಾಲಿಗೆ ಅದು ಅಂಕಿಯಾಗಿ ಉಳಿಯದೆ ಅಕ್ಷರಗಳ ಸಾಲಾಯಿತು. ಎಕ್ಸೆಲ್ಲಿನಲ್ಲಿ ಅಕ್ಷರವನ್ನೂ ಅಂಕಿಯನ್ನೂ ಹೋಲಿಸಿದರೆ, ಎಂಥ ದೊಡ್ಡ ಅಂಕಿಗಿಂತಲೂ ಅಕ್ಷರವೇ ದೊಡ್ಡದೆಂಬುದು ಕಟ್ಟಳೆ. ಆದಾಯ 2,50,000ವನ್ನು ಮೀರಿರಬಾರದೆಂಬುದು ನಿಯಮವೆಂದಿಟ್ಟುಕೊಂಡರೆ, "96,000 ರೂ." ಎಂಬುದು ಯಂತ್ರದ ದೃಷ್ಟಿಯಲ್ಲಿ ಆ ಮಿತಿಯನ್ನು ಮೀರಿತು, ಒಂದು ಕೋಟಿಯನ್ನೂ ಮೀರಿತು. ಹೊಲಿಗೆಯ ಯಂತ್ರವೊಂದೇ ಆಸ್ತಿಯಾದ ಆ ತಾಯಿ ಹಾಳೆಯಲ್ಲಿ ಎಲ್ಲರಿಗಿಂತ ಶ್ರೀಮಂತೆಯಾದರು! ಯಾರಿಗೂ ದುರುದ್ದೇಶವಿರಲಿಲ್ಲ. ಫಂಕ್ಷನ್ನೂ ತನಗೆ ಹೇಳಿದುದನ್ನೇ ಮಾಡಿತ್ತು. ಹೆಸರು ಮುಂದೆ ಪಟ್ಟಿಗೆ ಸೇರಿತು. ಆದರೆ ಆ ಅವಧಿಯ ಶುಲ್ಕವನ್ನು ಅವರು ಸಾಲ ಮಾಡಿ ಕಟ್ಟಿಯಾಗಿತ್ತು.

ಪರೀಕ್ಷೆಯ ಅಂಕಗಳಲ್ಲೂ ಇದೇ ಬಗೆಯ ವಿಚಿತ್ರ ನಡೆಯುತ್ತದೆ. 35ಕ್ಕೆ ಕಡಮೆಯಾದವರನ್ನು ಕೆಂಪಾಗಿಸಲು =$ಡಿ2<35 ಎಂದು ಬರೆದೆವೆನ್ನಿ. ಪರೀಕ್ಷೆಗೆ ಬಾರದವನ ಮನೆಯಲ್ಲಿ 'ಗೈರು' ಎಂದು ಬರೆದಿದೆ. ಅಕ್ಷರವು 35ಕ್ಕಿಂತ ದೊಡ್ಡದಾದುದರಿಂದ ಅವನು ಕೆಂಪಾಗುವುದಿಲ್ಲ. ಇನ್ನೊಬ್ಬಳು ಪರೀಕ್ಷೆ ಬರೆದಿದ್ದಾಳೆ, ಉತ್ತರಪತ್ರಿಕೆಯ ಮೌಲ್ಯಮಾಪನ ಇನ್ನೂ ಆಗಿಲ್ಲ. ಅವಳ ಮನೆ ಖಾಲಿ. ಹೋಲಿಸುವಾಗ ಖಾಲಿ ಮನೆಯನ್ನು ಸೊನ್ನೆಯೆಂದು ತಿಳಿಯುವುದರಿಂದ ಅವಳು ಕೆಂಪಾಗುತ್ತಾಳೆ. ಬಾರದವನು ಪಾರಾದ, ಬರೆದವಳು ಸಿಕ್ಕಿಬಿದ್ದಳು. ಇದಕ್ಕೆ ಪರಿಹಾರವೂ ಸಿದ್ಧ ಫಂಕ್ಷನ್ನುಗಳಲ್ಲಿಯೇ ಇದೆ. ಮನೆಯಲ್ಲಿರುವುದು ಅಂಕಿಯೇ ಎಂದು ಕೇಳುವ 'ಈಸ್‌ನಂಬರ್' ಎಂಬುದನ್ನು ಜೊತೆಗೂಡಿಸಿ =ಆಂಡ್(ಈಸ್‌ನಂಬರ್($ಡಿ2),$ಡಿ2<35) ಎಂದು ಬರೆಯಬೇಕು. ಅಂಕಿಯಲ್ಲದ ಮನೆಗಳಿಗೆ =ನಾಟ್(ಈಸ್‌ನಂಬರ್($ಡಿ2)) ಎಂಬ ಬೇರೊಂದು ನಿಯಮ ಬರೆದು ಹಳದಿ ಬಣ್ಣ ಕೊಟ್ಟರೆ, ಅವು ಮನುಷ್ಯರ ಕಣ್ಣಿಗೆ ಬೀಳುತ್ತವೆ.

'ಆವರೇಜ್' ಫಂಕ್ಷನ್ನು ಖಾಲಿ ಮನೆಯನ್ನು ಕಾಣುವ ರೀತಿಯೇ ಬೇರೆ. ಮೂರು ಕಿರುಪರೀಕ್ಷೆಗಳಲ್ಲಿ ಒಬ್ಬನು 20, 24 ಪಡೆದು ಮೂರನೆಯದಕ್ಕೆ ಬಂದಿಲ್ಲ. ಆ ಮನೆ ಖಾಲಿಯಾಗಿದ್ದರೆ, ಅಥವಾ ಅಲ್ಲಿ 'ಗೈರು' ಎಂದಿದ್ದರೆ, 'ಆವರೇಜ್' ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎರಡರಿಂದ ಭಾಗಿಸಿ 22 ಎನ್ನುತ್ತದೆ. ಅಲ್ಲಿ ಸೊನ್ನೆ ಬರೆದಿದ್ದರೆ ಮೂರರಿಂದ ಭಾಗಿಸಿ 14.67 ಎನ್ನುತ್ತದೆ. ಇವುಗಳಲ್ಲಿ ಯಾವುದು ಸರಿ? ಗೈರುಹಾಜರಿಗೆ ಸೊನ್ನೆ ಕೊಡಬೇಕೇ, ಬಿಟ್ಟುಬಿಡಬೇಕೇ ಎಂಬುದನ್ನು ನಿಯಮ ಮಾಡಿದವರು ಹೇಳಬೇಕು. ಅವರು ಹೇಳದೆ ಬಿಟ್ಟರೆ ಫಂಕ್ಷನ್ನು ತನ್ನ ಪದ್ಧತಿಯಂತೆ ತಾನೇ ತೀರ್ಮಾನಿಸಿಬಿಡುತ್ತದೆ. ನಾವು ಅದನ್ನು ನಿಯಮವೆಂದೇ ತಿಳಿದು ತಲೆಬಾಗುತ್ತೇವೆ.

ಕಾಣುವ ಅಂಕಿ, ಇರುವ ಅಂಕಿ

ಒಬ್ಬ ವಿದ್ಯಾರ್ಥಿ 250 ತರಗತಿಗಳಲ್ಲಿ 187ಕ್ಕೆ ಬಂದಿದ್ದಾನೆ. ಶೇಕಡಾ 74.8. ಮನೆಯಲ್ಲಿ ದಶಾಂಶ ತೋರಿಸಬೇಡವೆಂದು ಹೇಳಿದ್ದರೆ ಪರದೆಯ ಮೇಲೆ 75 ಎಂದೇ ಕಾಣುತ್ತದೆ. ಆದರೂ ಸಾಲು ಕೆಂಪು. ನೋಡಿದವರಿಗೆ ಯಂತ್ರಕ್ಕೆ ಹುಚ್ಚು ಹಿಡಿದಿದೆಯೇನೋ ಎನ್ನಿಸಬಹುದು. ನಿಜಾಂಶವೆಂದರೆ, ದಶಾಂಶವನ್ನು ಮರೆಮಾಡುವುದು ಉಡುಪು ಬದಲಿಸಿದಂತೆ. ಒಳಗಿನ ಬೆಲೆ ಬದಲಾಗುವುದಿಲ್ಲ. ನಿಯಮ ನೋಡುವುದು ಒಳಗಿನ ಬೆಲೆಯನ್ನು. ಬೆಲೆಯನ್ನೇ ಬದಲಿಸಬೇಕಾದರೆ 'ರೌಂಡ್' ಫಂಕ್ಷನ್ನನ್ನು ಬಳಸಬೇಕು. ಅದು 74.5ನ್ನೂ 75 ಮಾಡುತ್ತದೆ. 'ರೌಂಡ್' ಹಾಕಿದರೆ ಈ ಹುಡುಗ ಪರೀಕ್ಷೆಗೆ ಕೂರುತ್ತಾನೆ, ಹಾಕದಿದ್ದರೆ ಇಲ್ಲ. ಒಂದು ಪುಟ್ಟ ಫಂಕ್ಷನ್ನಿನ ಮೇಲೆ ಒಂದು ವರ್ಷ ನಿಂತಿದೆ. ಅದನ್ನು ಹಾಕುವ ಅಧಿಕಾರ ನಿಯಮ ಮಾಡಿದವರಿಗೆ ಸೇರಿದ್ದು, ಹಾಳೆ ತಯಾರಿಸಿದವರಿಗಲ್ಲ.

'ಕಡಮೆ', 'ಮೀರದ', 'ಮೇಲ್ಪಟ್ಟ' ಎಂಬ ಮಾತುಗಳಲ್ಲೂ ಇಷ್ಟೇ ಎಚ್ಚರ ಬೇಕು. "75ಕ್ಕೆ ಕಡಮೆಯಿಲ್ಲದಂತೆ" ಎಂದರೆ 75 ಇದ್ದವರು ಒಳಗೆ. "75ಕ್ಕೆ ಮೇಲ್ಪಟ್ಟು" ಎಂದರೆ ಹೊರಗೋ ಒಳಗೋ ಎಂಬ ಜಿಜ್ಞಾಸೆ ಹುಟ್ಟುತ್ತದೆ. ಸೂತ್ರದಲ್ಲಿ ಒಂದು ಸಮಚಿಹ್ನೆ ಹೆಚ್ಚಾದರೆ ಅಥವಾ ಕಡಮೆಯಾದರೆ ಗಡಿಯ ಮೇಲೆ ನಿಂತವನ ಹಣೆಬರಹ ಬದಲಾಗುತ್ತದೆ.

'ಟುಡೇ' ಎಂಬ ಫಂಕ್ಷನ್ನಿಗೆ ಆವರಣದೊಳಗೆ ಏನನ್ನೂ ಕೊಡಬೇಕಾಗಿಲ್ಲ. ಖಾಲಿ ಆವರಣ ಮಾತ್ರ ಬೇಕೇ ಬೇಕು. ಅದು ಯಂತ್ರದ ಗಡಿಯಾರವನ್ನು ನೋಡಿ ಆ ದಿನದ ತಾರೀಖನ್ನು ಕೊಡುತ್ತದೆ. ಗ್ರಂಥಾಲಯದಲ್ಲಿ ಅವಧಿ ಮೀರಿದ ಪುಸ್ತಕಗಳನ್ನು ಗುರುತಿಸಲು ಇದು ಬಹಳ ಉಪಯುಕ್ತ. ಆದರೆ ಇಂದು ತೆರೆದಾಗ ಬಿಳಿಯಾಗಿದ್ದ ಸಾಲು ನಾಳೆ ಕೆಂಪಾಗಿರುತ್ತದೆ. ಕೊನೆಯ ದಿನಾಂಕದಂದು ಯಾರು ಅರ್ಹರಾಗಿದ್ದರೆಂಬ ಪಟ್ಟಿಗೆ ಇದನ್ನು ಬಳಸದೆ, ಆ ದಿನಾಂಕವನ್ನೇ ಒಂದು ಮನೆಯಲ್ಲಿ ಬರೆದಿಟ್ಟು ಹೋಲಿಸುವುದು ಲೇಸು.

ಗಿರಣಿ ಕಟ್ಟಿದವರೂ ಮನುಷ್ಯರೇ

ಸಿದ್ಧ ಫಂಕ್ಷನ್ನುಗಳು ಯಾವಾಗಲೂ ನಿರ್ದುಷ್ಟವೆಂದು ತಿಳಿಯಬೇಕಾಗಿಲ್ಲ. ಎಕ್ಸೆಲ್ 1900ನೆಯ ಇಸವಿಯ ಜನವರಿ 1ರಿಂದ ದಿನಗಳನ್ನು ಎಣಿಸುತ್ತದೆ. ಅದರ ಎಣಿಕೆಯಲ್ಲಿ ಅರುವತ್ತನೆಯ ದಿನ 1900ರ ಫೆಬ್ರವರಿ 29. ಆದರೆ ಅಂಥ ದಿನವೇ ಇರಲಿಲ್ಲ! ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕವರ್ಷವಲ್ಲ. ಲೋಟಸ್ 1-2-3ರಲ್ಲಿದ್ದ ಈ ತಪ್ಪನ್ನು, ಅದರ ಹಾಳೆಗಳು ತಮ್ಮಲ್ಲಿಯೂ ಹೊಂದಿಕೊಳ್ಳಲೆಂದು ಎಕ್ಸೆಲ್ಲಿನವರು ತಿಳಿದೂ ತಿಳಿದೂ ಉಳಿಸಿಕೊಂಡರು.

ಫಂಕ್ಷನ್ನು ನಿರ್ದುಷ್ಟವಾಗಿದ್ದರೂ ಅದಕ್ಕೆ ಕೊಟ್ಟ ಸಾಮಗ್ರಿ ಅಪೂರ್ಣವಾಗಿರಬಹುದು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಖ್ಯಾತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿ ಸಾಲವಿರುವ ದೇಶಗಳ ಬೆಳವಣಿಗೆ ಸರಾಸರಿ ಸೊನ್ನೆಗಿಂತಲೂ ಕೆಳಗೆ, ಶೇಕಡಾ -0.1 ಎಂದು ಅದರಲ್ಲಿತ್ತು. ಸರ್ಕಾರಗಳು ವೆಚ್ಚ ಕಡಿತಮಾಡಬೇಕೆಂದು ವಾದಿಸುವವರು ಇದನ್ನು ಮುಂದುಮಾಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಅವರ ಹಾಳೆಯನ್ನೇ ತರಿಸಿಕೊಂಡು ಪರೀಕ್ಷಿಸಿದಾಗ, 'ಆವರೇಜ್' ಫಂಕ್ಷನ್ನಿಗೆ ಇಪ್ಪತ್ತು ದೇಶಗಳ ಬದಲು ಹದಿನೈದೇ ದೇಶಗಳ ಸಾಲುಗಳನ್ನು ಕೊಟ್ಟಿರುವುದು ಕಂಡುಬಂತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಬಿಟ್ಟುಹೋಗಿದ್ದವು. 2013ರಲ್ಲಿ ಆತನೂ ಅವನ ಅಧ್ಯಾಪಕರಿಬ್ಬರೂ ಸೇರಿ ಮರುಲೆಕ್ಕ ಮಾಡಿ ಶೇಕಡಾ 2.2 ಎಂಬ ಉತ್ತರವನ್ನು ಕೊಟ್ಟರು. ನ್ಯಾಯವಾಗಿ ಹೇಳಬೇಕೆಂದರೆ ಈ ವ್ಯತ್ಯಾಸದಲ್ಲಿ ಬಿಟ್ಟುಹೋದ ಸಾಲುಗಳ ಪಾಲು ಸ್ವಲ್ಪವೇ. ಕೆಲವು ಅಂಕಿಗಳನ್ನು ಸೇರಿಸದೆ ಬಿಟ್ಟುದೂ, ದೇಶಗಳಿಗೆ ತೂಕ ಕೊಟ್ಟ ರೀತಿಯೂ ಹೆಚ್ಚಿನ ಕಾರಣಗಳು. ಹಾಳೆಯ ತಪ್ಪನ್ನು ಆ ವಿದ್ವಾಂಸರು ಒಪ್ಪಿಕೊಂಡರು. ದೊಡ್ಡವರ ಲೆಕ್ಕವನ್ನೂ ಒಬ್ಬ ವಿದ್ಯಾರ್ಥಿ ತೆರೆದು ನೋಡಬಹುದೆಂಬುದು ನಮಗೆ ಇದರಿಂದ ದೊರೆಯುವ ಧೈರ್ಯ.

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಸೂತ್ರಕ್ಕೆ ಕೈಹಾಕುವ ಮುನ್ನ ನಿಯಮವನ್ನು ಕಾಗದದ ಮೇಲೆ ಶುದ್ಧ ಕನ್ನಡದಲ್ಲಿ ಬರೆಯಬೇಕು. ಗಡಿಯಲ್ಲಿರುವವರು, ಗೈರುಹಾಜರಾದವರು, ಇನ್ನೂ ಅಂಕಿ ಬಾರದವರು ಎಲ್ಲಿ ಸೇರುತ್ತಾರೆಂಬುದು ಆ ಬರವಣಿಗೆಯಲ್ಲಿ ಇರಬೇಕು.

ಎರಡನೆಯದಾಗಿ, ಹಾಳೆಯಲ್ಲಿ ಐವರು ಕಲ್ಪಿತ ವಿದ್ಯಾರ್ಥಿಗಳನ್ನು ಸೇರಿಸಿ ನಿಯಮವನ್ನು ಪರೀಕ್ಷಿಸಬೇಕು. ಒಬ್ಬನು ಸರಿಯಾಗಿ ಗಡಿಯ ಮೇಲೆ, ಒಬ್ಬನು ಒಂದು ಕೂದಲೆಳೆ ಕೆಳಗೆ, ಒಬ್ಬನು ಒಂದು ಕೂದಲೆಳೆ ಮೇಲೆ. ಒಬ್ಬನ ಮನೆ ಖಾಲಿ, ಒಬ್ಬನ ಮನೆಯಲ್ಲಿ ಅಕ್ಷರ. ಐವರಿಗೂ ನಾವು ಬಯಸಿದ ಬಣ್ಣವೇ ಬಂದರೆ ಅವರನ್ನು ಅಳಿಸಿ ಮುಂದುವರಿಯಬಹುದು.

ಮೂರನೆಯದಾಗಿ, ಅಂಕಿಯ ಮನೆಗೆ ಅಕ್ಷರ ನುಗ್ಗದಂತೆ ಡೇಟಾ ವ್ಯಾಲಿಡೇಷನ್ ಎಂಬ ಕಾವಲನ್ನು ಇಡಬಹುದು; ಅಲ್ಲಿಯೂ ಇವೇ ಫಂಕ್ಷನ್ನುಗಳು ನಡೆಯುತ್ತವೆ. ಆದರೆ ಈ ಕಾವಲುಗಾರ ಬೆರಳಚ್ಚು ಮಾಡಿದುದನ್ನು ಮಾತ್ರ ತಡೆಯುತ್ತಾನೆ; ಬೇರೆಡೆಯಿಂದ ನಕಲು ಮಾಡಿ ಅಂಟಿಸಿದುದನ್ನು ತಡೆಯುವುದಿಲ್ಲ. ಇದಕ್ಕೆ ಒಂದು ಸುಲಭ ಉಪಾಯವುಂಟು: ನಾವು ಬದಲಿಸದಿದ್ದರೆ ಅಂಕಿಗಳು ಮನೆಯ ಬಲಗೋಡೆಗೂ ಅಕ್ಷರಗಳು ಎಡಗೋಡೆಗೂ ಒರಗಿಕೊಂಡು ನಿಲ್ಲುತ್ತವೆ. ಕಂಬಸಾಲಿನ ಮೇಲೆ ಕಣ್ಣಾಡಿಸಿದರೆ ಎಡಕ್ಕೆ ಒರಗಿದ "96,000 ರೂ." ಒಂದು ಕ್ಷಣದಲ್ಲಿ ಕಾಣುತ್ತದೆ.

ಸಹಪಾಠಿಗಳೇ, ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಶಾಲೆಗಳಿಗೆ, ಪಂಚಾಯಿತಿ ಕಚೇರಿಗಳಿಗೆ, ಬ್ಯಾಂಕುಗಳಿಗೆ ಕೆಲಸಕ್ಕೆ ಹೋಗುವವರು. ಅಲ್ಲಿ ನಮ್ಮ ಮುಂದೆಯೂ ಇಂಥ ಹಾಳೆಗಳು ತೆರೆದುಕೊಳ್ಳುತ್ತವೆ. ಯಾರೋ ಬರೆದ ನಿಯಮದಿಂದ ಒಂದು ಸಾಲು ಕೆಂಪಾಗಿರುತ್ತದೆ ಅಥವಾ ಹಸಿರಾಗದೆ ಉಳಿದಿರುತ್ತದೆ. ಆ ಸಾಲಿನ ಹಿಂದೆ ಒಂದು ಮನೆಯಿದೆ, ಒಬ್ಬ ತಾಯಿಯಿದ್ದಾಳೆ ಎಂಬುದನ್ನು ಯಂತ್ರ ಅರಿಯದು. "ಕಂಪ್ಯೂಟರಿನಲ್ಲಿ ಬಂದಿಲ್ಲ" ಎನ್ನುವ ಮೊದಲು, ಏಕೆ ಬಂದಿಲ್ಲವೆಂದು ಸೂತ್ರವನ್ನು ತೆರೆದು ನೋಡುವಷ್ಟು ತಿಳಿವನ್ನೂ ತಾಳ್ಮೆಯನ್ನೂ ನಾವು ಈಗಿನಿಂದಲೇ ಗಳಿಸಿಕೊಳ್ಳುವುದು ಒಳ್ಳೆಯದು.